ಕಪ್ಪು ಎರಡರ ಕೂಗು

ನಮ್ಮ ಮನೆಯವರು ನನ್ನನ್ನು ನೋಡುವುದಕ್ಕಿಂತ ಮೊದಲು ನನ್ನ ದನಿ ಕೇಳಿದರು. ನಾನಾಗ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಗಾಜಿನ ಗೂಡು, ಒಂದು ಮೈಕು, ಗೊರಗುಟ್ಟುವ ಟೇಬಲ್ ಫ್ಯಾನು, ಬಸ್ಸುಗಳ ವೇಳೆಯ ಪಟ್ಟಿ, ಇಷ್ಟೇ ನನ್ನ ಕಚೇರಿ. ಒಂದು ಮಧ್ಯಾಹ್ನ ಹೆಗಲಿಗೆ ಚೀಲ ನೇತುಹಾಕಿಕೊಂಡ ಸಣಕಲು ಮನುಷ್ಯನೊಬ್ಬ ಗಾಜಿನ ತೂತಿಗೆ ಬಾಯಿ ತಂದು, "ಬೆಳಿಗ್ಗೆಯಿಂದ ನೀವು ಒಂದೇ ಮನೇಲಿ ಕೂಗ್ತಾ ಇದೀರಿ. ಒಂದು ಸಲಾನೂ ಜಾರಿಲ್ಲ. ಕಪ್ಪು ಎರಡು," ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ಯಾವ ಬಸ್ಸಿಗೆ ಹೋಗಬೇಕು ಎಂದು ಗದರಿಸಿ ಕೇಳಿದೆ. ತನ್ನ ಬಸ್ಸು ಹೋಗಿ ಎರಡು ಗಂಟೆಯಾಯಿತು ಎಂದ.

ಆ ಮನುಷ್ಯನೇ ಆಮೇಲೆ ನಮ್ಮ ಮನೆಯವರಾದದ್ದು. ಇವರ ಕೆಲಸ ಹಾರ್ಮೋನಿಯಂ ರಿಪೇರಿ ಮತ್ತು ಶ್ರುತಿ ಮಾಡುವುದು. ಹಾರ್ಮೋನಿಯಂನಲ್ಲಿ ಬೆರಳಿಟ್ಟು ಒತ್ತುವ ಒಂದೊಂದು ಪಟ್ಟಿಗೂ ಮನೆ ಎನ್ನುತ್ತಾರೆ. ಬಿಳಿ ಮನೆಗಳು, ಕಪ್ಪು ಮನೆಗಳು. ಎರಡನೆಯ ಕಪ್ಪು ಮನೆಯನ್ನು ಒತ್ತಿದರೆ ಬರುವ ಸ್ವರ ಯಾವುದೋ, ನನ್ನ ಕೂಗು ಕೂದಲೆಳೆಯಷ್ಟೂ ಆಚೀಚೆಯಾಗದೆ ಅದರ ಮೇಲೆ ಕೂರುತ್ತಿತ್ತಂತೆ. ನನಗೆ ಸಂಗೀತದ ಗಂಧವಿಲ್ಲ. ಆದರೂ ಹೆಣ್ಣು ನೋಡಲು ಬರುವವರು ಬಣ್ಣ, ಎತ್ತರ ನೋಡುತ್ತಿದ್ದ ಕಾಲದಲ್ಲಿ ಇವರೊಬ್ಬರು ಕಿವಿಯಿಂದ ಹೆಣ್ಣು ನೋಡಿದರಲ್ಲ ಎಂದು ಒಳಗೊಳಗೇ ಬೀಗಿದ್ದು ನಿಜ.

ಬೀದಿಯವರೆಲ್ಲ ಇವರನ್ನು ಕಿವಿ ಮೇಷ್ಟ್ರು ಎನ್ನುತ್ತಿದ್ದರು. ಶ್ರುತಿ ನೋಡಲು ಬೇರೆಯವರು ಇಟ್ಟುಕೊಳ್ಳುವ, ತಟ್ಟಿದರೆ ಒಂದೇ ಸ್ವರ ಮೊಳಗುವ ಉಕ್ಕಿನ ಕವಲುಕಡ್ಡಿ ಇವರ ಹತ್ತಿರ ಇರಲೇ ಇಲ್ಲ. ಅದು ಕಿವಿ ಇಲ್ಲದವರ ಊರುಗೋಲು ಎಂದು ಹಾಸ್ಯ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಇವರ ಅಂಗಡಿ. ಹಾರ್ಮೋನಿಯಂ ಪೆಟ್ಟಿಗೆಯ ಹೊಟ್ಟೆ ಬಿಚ್ಚಿ, ಹಿತ್ತಾಳೆಯ ನಾಲಿಗೆಯಂಥ ರೀಡುಗಳನ್ನು ಸಾಲಾಗಿ ಹರಡಿಕೊಂಡು ಕೂರುವರು. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆ ಮರಳಿ ಬರುವುದಿಲ್ಲವಾದ್ದರಿಂದ ಒಂದೊಂದು ಗೀರಿಗೂ ಇವರು ಉಸಿರು ಬಿಗಿಹಿಡಿಯುತ್ತಿದ್ದರು. ಮೊದಲ ರೀಡು ಕೂರಿಸುವಾಗ ಮಾತ್ರ ಒಂದು ಪದ್ಧತಿ ಇತ್ತು. "ಏನಾದ್ರೂ ಕೂಗೇ," ಎಂದು ಅಡಿಗೆಮನೆಯ ಕಡೆ ಹೇಳುವರು. ನಾನು ಸೌಟು ಹಿಡಿದುಕೊಂಡೇ, "ಊಟಕ್ಕೆ ಬನ್ನಿ," ಎಂದು ಬಸ್‌ಸ್ಟ್ಯಾಂಡಿನ ರಾಗದಲ್ಲಿ ಕೂಗುವೆ. ರೀಡು ನನ್ನ ಕೂಗಿಗೆ ಕೂತರೆ ಉಳಿದವೆಲ್ಲ ಅದರ ಹಿಂದೆ ಬರುತ್ತಿದ್ದವು. ಎಷ್ಟೋ ಸಲ ಒಲೆಯ ಮೇಲೆ ಇನ್ನೂ ನೀರೇ ಕಾದಿರುತ್ತಿರಲಿಲ್ಲ. ಇವರ ಮನೆಯಲ್ಲಿ ದಿನಕ್ಕೆ ಆರು ಹೊತ್ತು ಊಟ ಎಂದು ಪಕ್ಕದವರು ಆಡಿಕೊಳ್ಳುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಊರಿನ ಶಾಲೆ, ಪ್ರಾರ್ಥನಾ ಮಂದಿರ, ನಾಟಕದ ಮಂಡಳಿಗಳಲ್ಲಿದ್ದ ಆ ಪೆಟ್ಟಿಗೆಗಳಲ್ಲೆಲ್ಲ ನನ್ನ ಗಂಟಲು ಇದೆ ಎಂದು ಇವರು ಹೇಳಿದಾಗ ನನಗೆ ಅದೇ ಸಾಕು ಅನಿಸುತ್ತಿತ್ತು.

ಇವರಿಗೆ ಐವತ್ತಾರು ತುಂಬಿದ ವರ್ಷ, ಒಂದು ಬೆಳಿಗ್ಗೆ ಮುಖಕ್ಕೆ ನೀರು ಎರಚಿಕೊಂಡವರು ಹಾಗೇ ಕುಸಿದು ಕೂತರು. ಬಲಗೆನ್ನೆಗೆ ಕರೆಂಟು ಹೊಡೆದಂತಾಯಿತಂತೆ. ಹಲ್ಲಿನ ನೋವೆಂದು ತಿಳಿದು ಎರಡು ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡದ್ದಾಯಿತು. ಹಲ್ಲು ಹೋಯಿತು, ನೋವು ಅಲ್ಲೇ ಉಳಿಯಿತು. ಕೊನೆಗೆ ನರಗಳ ಡಾಕ್ಟರಮ್ಮ ಒಬ್ಬರು, ಇದು ಮುಖದ ನರದ ಕಾಯಿಲೆ, ಸಾಯಿಸುವುದಿಲ್ಲ, ಬಿಡುವುದೂ ಇಲ್ಲ ಎಂದರು.

ಅಷ್ಟು ಹೊತ್ತಿಗೆ ಮನೆಯ ಬದುಕೇ ಆ ಅಂಗೈಯಗಲದ ಕೆನ್ನೆಯ ಸುತ್ತ ತಿರುಗತೊಡಗಿತ್ತು. ಫ್ಯಾನಿನ ಗಾಳಿ ತಾಗಿದರೂ ನೋವು. ಹಲ್ಲುಜ್ಜಿದರೆ, ಒಂದು ಮಾತಾಡಿದರೆ, ಟೀ ಗುಟುಕರಿಸಿದರೆ ನೋವು. ಕ್ಷೌರ ಬಿಟ್ಟರು, ಗಡ್ಡ ಬೆಳೆಯಿತು. ಬ್ರೆಡ್ಡನ್ನು ಹಾಲಿನಲ್ಲಿ ಕಲಸಿ ಎಡಗಡೆಯಿಂದ ನುಂಗುತ್ತಿದ್ದರು. ಮಲಗುವಾಗ ನನಗೆ ಬೆನ್ನು ಮಾಡುತ್ತಿದ್ದರು, ನನ್ನ ಉಸಿರು ಕೆನ್ನೆಗೆ ತಾಗಬಾರದೆಂದು. ಹೊಡೆತ ಬಂದಾಗ ಹಿಡಿದುಕೊಳ್ಳೋಣವೆಂದರೆ ಕೈ ಎಲ್ಲಿ ಇಡಬೇಕೋ ತಿಳಿಯದೆ ಇವರ ಪಾದ ಹಿಡಿದು ಕೂರುತ್ತಿದ್ದೆ. ಹನ್ನೊಂದು ತಿಂಗಳು ನನ್ನ ಗಂಡನ ಮುಖವನ್ನು ನಾನು ಮುಟ್ಟಲಿಲ್ಲ.

ಡಾಕ್ಟರಮ್ಮ ಒಂದು ಮಾತ್ರೆ ಬರೆದರು. ತೂಕಡಿಕೆ ಬರಬಹುದು, ನಡೆಯುವಾಗ ತೂರಾಡಬಹುದು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಹೊಸದಾಗಿ ಏನೇ ಅನಿಸಿದರೂ ಬಂದು ಹೇಳಬೇಕು ಎಂದರು. ಹತ್ತೇ ದಿನ. ಹನ್ನೊಂದನೆಯ ದಿನ ಕೆಲಸದಿಂದ ಬಂದು ನೋಡುತ್ತೇನೆ, ಇವರು ಗಡ್ಡ ತೆಗೆದು ಬಾಗಿಲಲ್ಲಿ ನಿಂತು ಸೇಬು ಕಚ್ಚುತ್ತಿದ್ದಾರೆ. ಬಾಯಿಯಿಂದ ರಸ ಇಳಿಯುತ್ತಿದೆ. ನನ್ನ ಕೈ ತೆಗೆದುಕೊಂಡು ಬಲಗೆನ್ನೆಯ ಮೇಲೆ ಇಟ್ಟುಕೊಂಡರು. ನಾನು ಬೀದಿಯವರು ನೋಡುತ್ತಾರೆಂಬುದನ್ನೂ ಮರೆತು ಅತ್ತುಬಿಟ್ಟೆ.

ಆಮೇಲೆ ಒಂದು ವಾರಕ್ಕೆ ಇವರು ನನ್ನ ಕೂಗು ಕೇಳಿ ತಲೆ ಎತ್ತಿದರು. "ನಿನ್ನ ಗಂಟಲು ಯಾಕೋ ಇಳಿದಿದೆ. ಬಿಳಿ ಎರಡಕ್ಕೆ ಬಂದುಬಿಟ್ಟಿದೀಯ," ಎಂದರು.

ಒಂದು ಮನೆ ಕೆಳಗೆ. ನನಗೆ ಅಂಥದ್ದೇನೂ ಅನಿಸಿರಲಿಲ್ಲ. ಆದರೆ ಕಿವಿ ಮೇಷ್ಟ್ರು ಹೇಳಿದ ಮೇಲೆ ನನ್ನ ಅನಿಸಿಕೆಗೆ ಏನು ಬೆಲೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಂಟಲು ಮುಟ್ಟಿ ನೋಡಿಕೊಂಡೆ. ಗಂಟಲೇ ನನ್ನ ಅನ್ನ. ಮೈಕಿನಿಂದ ಎಬ್ಬಿಸಿ ಟಿಕೇಟು ಕೌಂಟರಿಗೆ ಹಾಕಿದರೆ ಏನು ಗತಿ ಎಂದು ಹೆದರಿಕೆಯಾಯಿತು. ಉಪ್ಪುನೀರು ಮುಕ್ಕಳಿಸಿದೆ. ತಣ್ಣೀರು ಬಿಟ್ಟೆ. ಗಂಟಲಿನ ಡಾಕ್ಟರ ಹತ್ತಿರ ಹೋಗಿ ಮೂಗಿನಿಂದ ನಳಿಗೆ ಇಳಿಸಿಕೊಂಡೆ. ಏನೂ ಇಲ್ಲ, ಇನ್ನೂ ಇಪ್ಪತ್ತು ವರ್ಷ ಕೂಗಬಹುದು ಎಂದರು. ಇವರು ಒಪ್ಪಲಿಲ್ಲ. ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ಇನ್ನೂ ಸ್ವಲ್ಪ ಏರಿಸು, ಇನ್ನೂ ಸ್ವಲ್ಪ, ಎಂದು ಮಗುವಿಗೆ ಕಲಿಸಿದಂತೆ ಕಲಿಸಿದರು. ಕುತ್ತಿಗೆಯ ನರ ಉಬ್ಬಿಸಿ ಕೂಗಿದಾಗ ಇವರ ಮುಖ ಅರಳಿತು. "ಹಾಂ, ಈಗ ಬಂದೆ ನೋಡು," ಎಂದರು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರೊಬ್ಬ ಬಂದು, ಏನಮ್ಮಾ, ಇವತ್ತು ಯಾರ ಮೇಲೆ ಸಿಟ್ಟು ಎಂದು ಕೇಳಿದ. ನಾನು ಅವನಿಗೇ ಬೈದು ಕಳಿಸಿದೆ.

ಆ ದಿನಗಳಲ್ಲಿ ಇವರ ಕಿವಿಗೆ ಲೋಕವೇ ಇಳಿದಿತ್ತು. ನೀರಿನ ಪಂಪಿನ ಗುಂಯ್ಗುಡುವಿಕೆ ಇಳಿದರೆ ವೋಲ್ಟೇಜು ಕಮ್ಮಿ ಎಂದರು. ರೀಡುಗಳು ಇಳಿದಿದ್ದರೆ, ಈಗಿನ ಹಿತ್ತಾಳೆಯಲ್ಲಿ ಸತ್ವವಿಲ್ಲ ಎಂದರು. ಹೆಂಡತಿ ಇಳಿದರೆ ಗಂಟಲಿನ ರೋಗ. ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕುತ್ತಿತ್ತು, ಎಲ್ಲಕ್ಕೂ ಒಂದೇ ಕಾರಣ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಇವರ ಕಿವಿಯನ್ನು ಅನುಮಾನಿಸುವುದು ನಮ್ಮ ಮನೆಯಲ್ಲಿ ಗೋಡೆಯ ಗಡಿಯಾರ ಹಿಂದಕ್ಕೆ ಓಡುತ್ತಿದೆಯೇ ಎಂದು ಅನುಮಾನಿಸಿದ ಹಾಗೆ. ನನ್ನನ್ನು ಏರಿಸಿದ ಮೇಲೆ ಇವರು ಆ ಏರಿಸಿದ ಕೂಗಿಗೇ ಮೂರು ಪೆಟ್ಟಿಗೆಗಳನ್ನು ಶ್ರುತಿ ಮಾಡಿದರು. ಎರಡು ಹೊಸವು, ಒಂದು ತೀರಾ ಹಳೆಯದು. ಸುಳ್ಳಿಗೆ ಸಾಕ್ಷಿ ಹೇಳಿದವಳು ನಾನೇ.

ಹಳೆಯದು ಶಾಲೆಯ ಸಂಗೀತದ ಟೀಚರದು, ಆಕೆಯ ತಾಯಿ ನುಡಿಸುತ್ತಿದ್ದ ಪೆಟ್ಟಿಗೆ. ಒಂದು ಭಾನುವಾರ ಬೆಳಿಗ್ಗೆ ಆಕೆ ಅದನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಮೇಷ್ಟ್ರೇ, ಕೊಳಲಿನವರ ಜೊತೆ ಸೇರುತ್ತಿಲ್ಲ, ಎಲ್ಲ ಒಂದು ಮನೆ ಮೇಲಿದೆ ಎಂದು ಅಳುಕುತ್ತಲೇ ಹೇಳಿ, ಕೈಚೀಲದಿಂದ ಕವಲುಕಡ್ಡಿ ತೆಗೆದು ಮೇಜಿನ ಅಂಚಿಗೆ ತಟ್ಟಿದರು. ಇವರು ಅದನ್ನು ಕಿವಿಗೆ ಹಿಡಿದು ನಕ್ಕರು. ಕಡ್ಡಿ ಕೆಟ್ಟಿದೆ ಎಂದರು. ಆಕೆ ಇನ್ನೊಂದು ಕಡ್ಡಿ ತೆಗೆದರು. ಇವರು ಅದನ್ನೂ ತಟ್ಟಿದರು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ನಗು ನಿಂತಿತು. ನನ್ನ ಕಡೆ ತಿರುಗಿ, ಏರಿಸಬೇಡ, ಸುಮ್ಮನೆ ಹೇಗೆ ಬರುತ್ತದೋ ಹಾಗೆ ಕೂಗು ಎಂದರು. ಕೂಗಿದೆ. ಟೀಚರ್ ಪೆಟ್ಟಿಗೆಯ ಒಂದು ಬಿಳಿ ಮನೆಯ ಮೇಲೆ ಬೆರಳಿಟ್ಟು, ಮೇಷ್ಟ್ರೇ, ನೀವು ಏರಿಸಿದ ಮೇಲೆ ಕಪ್ಪು ಎರಡರ ಸ್ವರ ಒಂದು ಮನೆ ಕೆಳಗೆ, ಇಲ್ಲಿಗೆ ಬಂದಿದೆ, ನಿಮ್ಮ ಮನೆಯವರ ಗಂಟಲು ಸರಿಯಾಗಿಯೇ ಇದೆ ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನ್ನ ಬಾಯಿಗೆ ಬಂದಿತ್ತು. ಬೇರೆ ದಿನವಾಗಿದ್ದರೆ ಆಡಿ ನಗಿಸುತ್ತಿದ್ದೆ. ಇವರು ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನಾನು ನುಂಗಿಕೊಂಡೆ.

ಡಾಕ್ಟರಮ್ಮ ಕೇಳಿ ಆಶ್ಚರ್ಯಪಡಲಿಲ್ಲ. ಈ ಮಾತ್ರೆ ಎಲ್ಲೋ ಕೆಲವರಿಗೆ ಹೀಗೆ ಸ್ವರವನ್ನು ತಗ್ಗಿಸಿ ಕೇಳಿಸುತ್ತದೆ, ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ, ನಿಮ್ಮಂಥ ಕಿವಿಯವರಿಗೆ ಮಾತ್ರ ಗೊತ್ತಾಗುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ ಎಂದರು. ಒಂದು ಹಾಳೆ ತೆಗೆದು ನಡುವೆ ಗೀಟೆಳೆದು ಈ ಕಡೆ ಲಾಭ, ಆ ಕಡೆ ತೊಂದರೆ ಎಂದು ಬರೆದು ಕೊಟ್ಟರು. ಬೇರೆ ಮಾತ್ರೆ ಇತ್ತು. ಆರು ವಾರ ನುಂಗಿ ನೋಡಿದೆವು. ಇವರು ಮರದ ಕೊರಡಿನ ಹಾಗೆ ನಿದ್ದೆ ಮಾಡಿದರು, ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡರು, ನೋವು ಅರ್ಧಕ್ಕೂ ಇಳಿಯಲಿಲ್ಲ. ಆಪರೇಷನ್ ಇತ್ತು. ಅದು ಕಿವಿಯ ಹಿಂದೆಯೇ ಮೂಳೆ ತೆರೆದು ಮಾಡುವಂಥದ್ದು, ಆ ಕಿವಿಯೇ ಹೋದರೂ ಹೋಗಬಹುದು. ಮೇಲಾಗಿ ಇವರ ಹೃದಯ ನೋಡಿ ಅರಿವಳಿಕೆಯ ಡಾಕ್ಟರು ತಲೆ ಅಲ್ಲಾಡಿಸಿದರು. ಅತ್ತ ದರಿ, ಇತ್ತ ಪುಲಿ.

ಮೊದಲಿನ ಮಾತ್ರೆಯನ್ನೇ ನುಂಗಿ, ಕವಲುಕಡ್ಡಿ ನೋಡಿಕೊಂಡು ಕೆಲಸ ಮಾಡಿ ಎಂದು ನಾನೇ ಹೇಳಿದೆ. ಟೀಚರ್ ತಮ್ಮ ಕಡ್ಡಿಯನ್ನೇ ಕೊಟ್ಟು ಹೋಗಿದ್ದರು. ಎರಡು ತಿಂಗಳು ಇವರು ಹಾಗೆ ಕೆಲಸ ಮಾಡಿದರು. ಕಡ್ಡಿ ಸರಿ ಎನ್ನುತ್ತಿತ್ತು, ಕಿವಿ ಅಲ್ಲ ಎನ್ನುತ್ತಿತ್ತು. ಒಂದು ಪೆಟ್ಟಿಗೆ ಮುಗಿಸುವಷ್ಟರಲ್ಲಿ ಬೆವರಿ ಹೋಗುತ್ತಿದ್ದರು. "ಇಡೀ ದಿನ ನನ್ನ ಕಿವಿಗೆ ನಾನೇ, ನೀನು ಸುಳ್ಳುಗಾರ ಅಂತ ಹೇಳ್ತಾ ಕೂತಿರ್ತೀನಿ," ಎಂದರು ಒಮ್ಮೆ. ನಾನು, ಇದೆಲ್ಲ ಜಂಭ, ಎಂದುಬಿಟ್ಟೆ. ಊರಲ್ಲಿ ಉಳಿದವರೆಲ್ಲ ಕಡ್ಡಿ ನೋಡಿಯೇ ಹೊಟ್ಟೆ ಹೊರೆಯುವುದಿಲ್ಲವೇ, ನಿಮಗೇನು ಕೊಂಬು ಎಂದೆ. ಆಡಿದ ಮಾತು, ಒಡೆದ ಮುತ್ತು. ಅದನ್ನು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಇವರು ಡಾಕ್ಟರಮ್ಮನನ್ನು ಕೇಳಿಕೊಂಡು ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬಿಟ್ಟರು. ಕಿವಿ ಬಂತು. ನಾನು ಮತ್ತೆ ಕಪ್ಪು ಎರಡಾದೆ. ಟೀಚರ ಪೆಟ್ಟಿಗೆಯನ್ನು ಇಳಿಸಲೆಂದು ರೀಡುಗಳ ಬುಡ ಕೆರೆಯುತ್ತ ಕೂತರು. ತುದಿಯಲ್ಲೂ ಬುಡದಲ್ಲೂ ಸವೆದ ಹಳೆಯ ಹಿತ್ತಾಳೆ ತಡೆಯಲಿಲ್ಲ, ನಾಲ್ಕು ರೀಡುಗಳು ಒಂದರ ಹಿಂದೆ ಒಂದು ಸೀಳಿದವು. ಹೊಸವನ್ನು ಹಾಕಿ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಹೋಗಿ ಕೊಟ್ಟರು. ಆಕೆ ಟೀ ಕೊಟ್ಟು ಕಳಿಸಿದರು. ಒಡೆದ ನಾಲ್ಕು ರೀಡುಗಳನ್ನು ಇವರು ಶರ್ಟಿನ ಜೇಬಿನಲ್ಲಿ ಬಹಳ ದಿನ ಇಟ್ಟುಕೊಂಡು ಓಡಾಡಿದರು. ಬಟ್ಟೆ ಒಗೆಯುವಾಗ ನನ್ನ ಕೈಗೆ ಚುಚ್ಚುತ್ತಿದ್ದವು.

ಕಿವಿಯ ಜೊತೆಗೇ ನೋವೂ ಬಂತು, ಮೊದಲಿಗಿಂತ ಹೆಚ್ಚಾಗಿ. ಮತ್ತೆ ಗಡ್ಡ, ಮತ್ತೆ ಬ್ರೆಡ್ಡು ಹಾಲು, ಮತ್ತೆ ನನಗೆ ಬೆನ್ನು. ಏಳು ತಿಂಗಳು ಇವರು ಬಾಯಿ ಬಿಗಿಹಿಡಿದು ಕೆಲಸ ಮಾಡಿದರು. ಆ ಏಳು ತಿಂಗಳಲ್ಲಿ ಶ್ರುತಿ ಮಾಡಿದ ಪೆಟ್ಟಿಗೆಗಳಂಥವು ಹಿಂದೆಂದೂ ಇವರ ಕೈಯಿಂದ ಬಂದಿರಲಿಲ್ಲ ಎಂದು ಜನ ಈಗಲೂ ಹೇಳುತ್ತಾರೆ. ಹೇಳುವವರಿಗೇನು? ಎಲುಬು ಕಾಣುವಷ್ಟು ಸೊರಗಿದ್ದನ್ನು ನೋಡಿದವಳು ನಾನು.

ಒಂದು ಮಧ್ಯಾಹ್ನ ತಲೆನೋವೆಂದು ಬೇಗ ಮನೆಗೆ ಬಂದೆ. ಇವರು ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ರೀಡು ಕೆರೆಯುವ ಸಣ್ಣ ಚಾಕು ಕೈಯಲ್ಲಿತ್ತು, ಅದರ ಮೊನೆ ಬಲಗೆನ್ನೆಯ ಮೇಲಿತ್ತು. ನನ್ನನ್ನು ನೋಡಿ ಗಾಬರಿಯೂ ಆಗಲಿಲ್ಲ. "ಇಲ್ಲೇ ಎಲ್ಲೋ ಇದೆ ಕಣೇ ಆ ನರ," ಎಂದರು, ಕೆಟ್ಟ ರೀಡು ಹುಡುಕುವಾಗಿನ ಅದೇ ದನಿಯಲ್ಲಿ.

ಚಾಕು ಕಿತ್ತುಕೊಂಡೆ. ಡಾಕ್ಟರಮ್ಮ ಬರೆದುಕೊಟ್ಟ ಹಾಳೆ ಗೋಡೆಯ ಕ್ಯಾಲೆಂಡರಿನ ಹಿಂದೆ ಇತ್ತು, ಅದರಲ್ಲಿ ಇದ್ದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಆ ಹೊತ್ತಿನಲ್ಲಿ ಒಂದೂ ನೆನಪಾಗಲಿಲ್ಲ. ಇವರು ಬದುಕಬೇಕು, ನಾನು ಆ ಕೆನ್ನೆ ಮುಟ್ಟಬೇಕು, ಅಷ್ಟೇ.

"ಮಾತ್ರೆ ತಗೊಳ್ಳಿ. ನಿಮಗೆ ಬೇಡದೇ ಇದ್ರೆ ನನಗೋಸ್ಕರ ತಗೊಳ್ಳಿ," ಎಂದೆ.

ಇವರು ಖಾಲಿಯಾದ ಕೈ ನೋಡಿಕೊಂಡರು. "ತಗೊಂಡ್ರೆ ನೀನು ಹೊರಟುಹೋಗ್ತೀಯಲ್ಲ. ನಿನ್ನ ಬಾಯಿಂದ ಬೇರೆ ಯಾರೋ ಮಾತಾಡ್ತಾರೆ."

"ನಾನೆಲ್ಲಿಗೆ ಹೋಗ್ಲಿ, ಇಲ್ಲೇ ಇರ್ತೀನಿ," ಎಂದೆ.

ಆಗ ಇವರು ಎದ್ದು ತಮ್ಮ ಪೆಟ್ಟಿಗೆ ಎಳೆದುಕೊಂಡು ತಿದಿ ಒತ್ತಿ ಕಪ್ಪು ಎರಡರ ಮೇಲೆ ಬೆರಳಿಟ್ಟರು. ಮೊದಲ ದಿನ ಕೂಗಿದ್ದನ್ನು ಕೂಗು ಎಂದರು. ಪ್ಲಾಟ್‌ಫಾರಂ ನಾಲ್ಕರಿಂದ ಹೊರಡುವ ಬಸ್ಸನ್ನು ಕೂಗಿದೆ. ಇನ್ನೊಮ್ಮೆ ಎಂದರು. ಪ್ಲಾಟ್‌ಫಾರಂ ಐದು, ಆರು, ಪಟ್ಟಿಯಲ್ಲಿದ್ದ ಬಸ್ಸುಗಳನ್ನೆಲ್ಲ ಕೂಗಿದೆ. ಇವರು ಕಣ್ಣು ಮುಚ್ಚಿಕೊಂಡಿದ್ದರು. ಪಟ್ಟಿ ಮುಗಿದ ಮೇಲೆ ಪೆಟ್ಟಿಗೆ ಮುಚ್ಚಿ ಕೈ ಚಾಚಿದರು. ನಾನು ನೀರು, ಮಾತ್ರೆ ಕೊಟ್ಟೆ.

ಆಮೇಲೆ ಇವರು ಒಂದು ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಬಂದವರಿಗೆ, ಕಿವಿ ಹೋಯ್ತಪ್ಪ ಎಂದು ನಯವಾಗಿ ಹೇಳಿ ಕಳಿಸುತ್ತಿದ್ದರು. ನೋವು ಬರಲಿಲ್ಲ. ಮೈ ತುಂಬಿಕೊಂಡರು, ಸೇಬು ಕಚ್ಚಿದರು, ನನ್ನ ಕಡೆ ಮುಖ ಮಾಡಿ ಮಲಗಿದರು. ನಾನು ದಿನವೂ ಇವರಿಗೆ ಕ್ಷೌರ ಮಾಡುತ್ತಿದ್ದೆ, ಬರೀ ಆ ಕೆನ್ನೆ ಮುಟ್ಟುವ ಆಸೆಗೆ. ಆದರೆ ನಾನು ಕರೆದರೆ ತಕ್ಷಣ ತಿರುಗುತ್ತಿರಲಿಲ್ಲ. ಯಾರೋ ಕರೆದರು ಎನ್ನುವಂತೆ ಒಂದು ಕ್ಷಣ ನಿಂತು, ಆಮೇಲೆ, ಓ, ಇವಳೇ, ಎಂದು ತಿರುಗುತ್ತಿದ್ದರು. ಆ ಒಂದು ಕ್ಷಣ ನನ್ನ ಎದೆಗೆ ಇರಿಯುತ್ತಿತ್ತು.

ಏರಿಸುವುದು ಹೇಗೆಂದು ಇವರೇ ನನಗೆ ಕಲಿಸಿದ್ದರಲ್ಲ. ಇವರು ಪೇಟೆಗೆ ಹೋದಾಗ ಪೆಟ್ಟಿಗೆ ತೆಗೆದು, ಕಪ್ಪು ಎರಡು ಬಿಟ್ಟು ಅದರ ಮುಂದಿನ ಬಿಳಿ ಮೂರು ಒತ್ತಿ ಕೂಗಿ ಕೂಗಿ ಸಾಧಿಸಿದೆ. ಇವರ ಕಿವಿ ಅದನ್ನು ಒಂದು ಮನೆ ಇಳಿಸಿ ಕೇಳುತ್ತದೆ, ಅಲ್ಲಿಗೆ ನಾನು ನಾನಾಗುತ್ತೇನೆ ಎಂಬುದು ನನ್ನ ಲೆಕ್ಕ. ಮೊದಲ ದಿನ, "ಊಟಕ್ಕೆ ಬನ್ನಿ," ಎಂದಾಗ ಇವರು ತಟ್ಟನೆ ತಿರುಗಿದರು. ಮುಖದಲ್ಲಿ ಆ ಗಾಜಿನ ಗೂಡಿನ ದಿನದ ಬೆಳಕಿತ್ತು. ಬಂದು ಉಂಡರು. ಅಂದಿನಿಂದ ಮನೆಯಲ್ಲಿ ಆಡಿದ ಮಾತನ್ನೆಲ್ಲ ಏರಿಸಿಯೇ ಆಡಿದೆ. ಸಂಜೆಯ ಹೊತ್ತಿಗೆ ಗಂಟಲು ಉರಿಯುತ್ತಿತ್ತು.

ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ, ಪೆದ್ದಿ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕ್ಷೌರ ಮಾಡುತ್ತಿದ್ದೆ. ಸೋಪಿನ ನೊರೆಯ ನಡುವಿನಿಂದ ಇವರು ಹೇಳಿದರು: "ಬಿಳಿ ಮೂರಲ್ಲಿ ಎಷ್ಟು ದಿನ ಇರ್ತೀಯ? ಗಂಟಲು ಹಾಳಾಗುತ್ತೆ. ಇಳಿದುಬಿಡು."

"ನನ್ನ ಹಾಗೇ ಕೇಳಿಸುತ್ತೋ ಇಲ್ವೋ, ಅದನ್ನ ಹೇಳಿ."

"ಕೇಳಿಸುತ್ತೆ. ಕೇಳಿಸಲಿ ಅಂತ ನೀನು ಪಡೋ ಪಾಡೂ ಕೇಳಿಸುತ್ತೆ." ಇವರ ಕಣ್ಣಿನಿಂದ ನೀರಿಳಿದು ನೊರೆಯಲ್ಲಿ ಸಣ್ಣ ದಾರಿ ಮಾಡಿತು. ನಾನು ಕ್ಷೌರ ಮುಗಿಸಿದೆ, ಬಿಳಿ ಮೂರರಿಂದ ಮಾತ್ರ ಇಳಿಯಲಿಲ್ಲ. ನನ್ನ ಹಟ ಇವರಿಗೆ ಗೊತ್ತಿತ್ತು, ಮತ್ತೆ ಕೇಳಲಿಲ್ಲ.

ನಾಲ್ಕು ವರ್ಷ ಹಾಗೆ ಕಳೆಯಿತು. ಹೋದ ವರ್ಷ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಹಾಗೇ ಇವರ ಹೃದಯ ನಿಂತಿತು. ನೋವು ತಿನ್ನಲಿಲ್ಲ, ಪುಣ್ಯವಂತರು ಎಂದು ಬಂದವರೆಲ್ಲ ಹೇಳಿದರು. ಮಾತ್ರೆ ಕೊಡದೆ ಇದ್ದಿದ್ದರೆ ಆ ಚಾಕುವಿಗೇ ಬಲಿಯಾಗುತ್ತಿದ್ದರೋ, ಇಲ್ಲ ತಮ್ಮ ಕಿವಿ ಇಟ್ಟುಕೊಂಡು ಹೇಗೋ ತಡೆದುಕೊಂಡು ಬದುಕುತ್ತಿದ್ದರೋ, ನನಗೆ ಗೊತ್ತಿಲ್ಲ. ನೋವು ಇವರದು, ತಕ್ಕಡಿ ಹಿಡಿದವಳು ನಾನು. ಲಾಭ, ತೊಂದರೆ ಎಂದು ಗೀಟೆಳೆದ ಹಾಳೆ ಇನ್ನೂ ಕ್ಯಾಲೆಂಡರಿನ ಹಿಂದೆ ಇದೆ. ಎಷ್ಟು ಸಲ ತೆಗೆದು ನೋಡಿದರೂ ನೀನು ಮಾಡಿದ್ದು ಸರಿ ಎಂದು ಅದು ನನಗೆ ಹೇಳುವುದಿಲ್ಲ.

ಕಳೆದ ವಾರ ಸಂಗೀತದ ಟೀಚರ್ ಬಂದು, ಅಮ್ಮಾ, ನಿಮ್ಮ ದನಿ ಬದಲಾಗಿದೆ ಎಂದರು. ಆಕೆ ಹೋದ ಮೇಲೆ ಪೆಟ್ಟಿಗೆಯ ಧೂಳು ಒರೆಸಿ, ತಿದಿ ಒತ್ತಿ, ಕಪ್ಪು ಎರಡರ ಮೇಲೆ ಬೆರಳಿಟ್ಟೆ. ಗಂಟಲು ಸಡಿಲ ಬಿಟ್ಟು, "ಊಟಕ್ಕೆ ಬನ್ನಿ," ಎಂದೆ. ಸೇರಲಿಲ್ಲ. ಇಳಿಸಿ ನೋಡಿದೆ, ಇಳಿಯಲಿಲ್ಲ. ಮೂರು ಸಲ ಕರೆದೆ, ಮೂರು ಸಲವೂ ಬಿಳಿ ಮೂರಕ್ಕೇ ಹೋಗಿ ನಿಂತಿತು. ಅದನ್ನು ಒಂದು ಮನೆ ಇಳಿಸಿ ಕೇಳುತ್ತಿದ್ದ ಕಿವಿ ಈಗ ಇಲ್ಲ.